ಕೊಸರು ಕೊತ್ತಂಬರಿಗೆ ಬೀಗ ಜಡಿದವರಿಗೆ

ಹತ್ತು ನಿಮಿಷದಲ್ಲಿ ತರಕಾರಿ ಮುಟ್ಟಿಸುವ ಆ್ಯಪ್‌ನ ಮಾನ್ಯ ವ್ಯವಸ್ಥಾಪಕರೇ,

ಗೋವಿಂದರಾಜನಗರದ ಅಡ್ಡರಸ್ತೆಯೊಂದರಿಂದ ವಿಮಲಮ್ಮ ಮಾಡುವ ಅನಂತ ನಮಸ್ಕಾರಗಳು. ತಾವೂ, ಸಕಲವನ್ನೂ ಬಲ್ಲ ತಮ್ಮ ಯಂತ್ರವೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ದುರ್ಗವ್ವ ಮಾತ್ರ ಕ್ಷೇಮವಾಗಿಲ್ಲ.

ಕೊಪ್ಪಳದ ಕಡೆಯ ಈ ಹೆಂಗಸು ಒಂಬತ್ತು ವರ್ಷದಿಂದ ನಮ್ಮ ಬೀದಿಯಲ್ಲಿ ತರಕಾರಿ ಗಾಡಿ ತಳ್ಳುತ್ತಿದ್ದಾಳೆ. ಬೀದಿಯವರೆಲ್ಲ ಫೋನಿನಲ್ಲೇ ಬದನೆಕಾಯಿ ಆರಿಸುವಷ್ಟು ಬುದ್ಧಿವಂತರಾದ ಮೇಲೆ ಬೇರೆ ದಾರಿಯಿಲ್ಲದೆ ತಮ್ಮಲ್ಲಿ ಸೇರಿದಳು. ತಮ್ಮವರು ಬಂದು ಗಾಡಿಯದೂ ಸೊಪ್ಪಿನದೂ ಫೋಟೊ ಹೊಡೆದುಕೊಂಡು ಹೋದರು. ಸೊಪ್ಪಿನ ಹೆಸರಿನ ಜಾಗದಲ್ಲಿ ಅವಳು ಕೋತಂಬ್ರಿ ಎಂದೂ ಬೆಲೆಯ ಜಾಗದಲ್ಲಿ ಸೊನ್ನೆಯೆಂದೂ ತುಂಬಿದಳು. ಅಂಥ ಪದಾರ್ಥವೇ ಇಲ್ಲ, ಇದು ಮೋಸ ಎಂದು ತಮ್ಮ ಯಂತ್ರ ಅವಳ ಖಾತೆಗೆ ಬೀಗ ಜಡಿಯಿತು. ಹನ್ನೆರಡು ದಿನದಿಂದ ಗಾಡಿ ತುಂಬಿದ ಹಾಗೇ ವಾಪಸು ಹೋಗುತ್ತಿದೆ. “ಅಕ್ಕಾರ, ಕೋತಂಬ್ರಿ ನಾ ಯಾವಾಗ ಮಾರೇನ್ರಿ? ಅದು ಕೊಸರಲ್ಲೇನ್ರಿ?” ಎಂದು ಅವಳು ನನ್ನ ಮೆಟ್ಟಿಲ ಮೇಲೆ ಕೂತು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ತಮ್ಮ ಪಾಂಡಿತ್ಯಕ್ಕೆ ಎಷ್ಟು ಕೈಮುಗಿದರೂ ಕಡಿಮೆಯೇ. ತಾವು ಅದನ್ನು ಸಿಲಾಂಟ್ರೋ ಎನ್ನುತ್ತೀರಿ. ಅದು ಸ್ಪೇನಿನವರ ಮಾತಂತೆ. ಕೊರಿಯಾಂಡರ್ ಎಂಬ ಹೆಸರಿನ ಬೇರಿನಲ್ಲಿ ಗ್ರೀಕರ ತಿಗಣೆಯಿದೆ ಎಂದು ಓದಿದವರು ಹೇಳುತ್ತಾರೆ, ಅದರ ವಾಸನೆ ಹಾಗಿತ್ತಂತೆ, ಅವರ ಮೂಗಿಗೊಂದು ದೊಡ್ಡ ನಮಸ್ಕಾರ. ನಮ್ಮ ಕೆಳಮನೆಯ ತಮಿಳರಿಗೆ ಅದು ಕೊತ್ತಮಲ್ಲಿ, ಎದುರುಮನೆಯ ತೆಲುಗಿನವರಿಗೆ ಕೊತ್ತಿಮೀರ, ಹಿಂದಿಯವರಿಗೆ ಧನಿಯಾ. ನಮ್ಮಲ್ಲಿ ಧನಿಯಾ ಎಂದರೆ ಬೀಜ, ಅದನ್ನೇ ದುರ್ಗವ್ವ ಹವೀಜ ಎನ್ನುತ್ತಾಳೆ. ಯಾರು ಏನೆಂದು ಕೇಳಿದರೂ ಅವಳ ಕೈ ತಪ್ಪಿದ್ದಿಲ್ಲ. ತೂಕ ಮುಗಿದ ಮೇಲೆ ಪುಕ್ಕಟೆಯಾಗಿ ಚೀಲಕ್ಕೆ ಬೀಳುವ ಆ ನಾಲ್ಕು ಕಡ್ಡಿಗೆ ನಮ್ಮ ಬೀದಿಯಲ್ಲಿ ಒಂದೇ ಅರ್ಥ, ನಾಳೆಯೂ ಬನ್ನಿ ಎಂದು.

ಆದ್ದರಿಂದ ದಯಮಾಡಿ ಖಾತೆ ತೆರೆಯಿರಿ. ಆಗದಿದ್ದರೆ ತಮ್ಮ ಯಂತ್ರವನ್ನು ಬೆಳಗಿನ ಐದಕ್ಕೆ ಮಾರುಕಟ್ಟೆಗೆ ಕಳಿಸಿ, ಸೊಪ್ಪು ಹೊರಿಸಿ, ನನ್ನೊಡನೆ ಹುರುಳಿಕಾಯಿಗೆ ಚೌಕಾಸಿ ಮಾಡಿಸಿ, ಸೋತ ಮೇಲೂ ನಗುತ್ತಾ ಕೊಸರು ಹಾಕುವುದನ್ನು ಕಲಿಸಿಕೊಡಬೇಕಾಗಿ ವಿನಂತಿ. ಕೋಣನ ಮುಂದೆ ಕಿನ್ನರಿ ಬಾರಿಸುತ್ತಿದ್ದೇನೆಂದು ಗೊತ್ತಿದೆ, ಆದರೂ ಬಾರಿಸುತ್ತಿದ್ದೇನೆ.

ಇನ್ನೂ ಚೂರುಪಾರು ವಿಶ್ವಾಸ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ವಿಮಲಮ್ಮ

ವಿ.ಸೂ.: ತಮ್ಮ ಆ್ಯಪ್‌ನಲ್ಲಿ ಸಿಲಾಂಟ್ರೋದ ಚಿತ್ರ ನೋಡಿದೆ. ಸೊಪ್ಪು ಹಿಡಿದ ಆ ಕೈಯ ಹಚ್ಚೆಯನ್ನೂ ಎರಡು ಹಸಿರು ಬಳೆಗಳನ್ನೂ ನಾನು ಒಂಬತ್ತು ವರ್ಷದಿಂದ ಬಲ್ಲೆ. ಕೊಸರು ಎಂದರೆ ಮೋಸ ಎನ್ನುವ ತಾವು ದುರ್ಗವ್ವನ ಕೈಯನ್ನು ಮಾತ್ರ ಕೊಸರೆಂದು ಇಟ್ಟುಕೊಂಡಿರಾ?