ಅಂತರ್ಜಾಲದಲ್ಲಿ ನಮ್ಮ ಮನೆಯ ಸಾರು

ಕನ್ನಡ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಪಾಂಡಿತ್ಯಕ್ಕೆ ಗಿರಾಕಿಗಳೇ ಇರಲಿಲ್ಲ ಎಂಬುದನ್ನು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಅದಕ್ಕೇ ಹಳೆಯ ಶಿಷ್ಯನೊಬ್ಬ, "ಸಾರ್, ಕನ್ನಡ ಕಲಿಯೋರಿಗೆ ಇಂಟರ್ನೆಟ್ಟಲ್ಲಿ ನಿಘಂಟು ಮಾಡ್ತಿದ್ದೀವಿ, ಉದಾಹರಣೆ ವಾಕ್ಯ ಬರ್ಕೊಡಿ" ಎಂದ ಮರುದಿನವೇ ಹುಣಸೂರು ಬಸ್ ಸ್ಟ್ಯಾಂಡ್ ಪಕ್ಕದ ಇಂಟರ್ನೆಟ್ ಅಂಗಡಿಯಲ್ಲಿ ಹಾಜರಾದೆ. ಆ ನಿಘಂಟಿನ ತಂತ್ರಾಂಶ ನಮ್ಮ ಹಳೆಯ ಹೆಡ್‌ಮೇಷ್ಟ್ರಿಗಿಂತ ಕಟ್ಟುನಿಟ್ಟು. ಅರ್ಥ ಬರೆದು ವಾಕ್ಯ ಬರೆಯದಿದ್ದರೆ ಪದವನ್ನೇ ಒಳಗೆ ಬಿಡುತ್ತಿರಲಿಲ್ಲ. ಒಂದೇ ಬೆರಳಲ್ಲಿ ಕುಟ್ಟುತ್ತಾ ಹೋದೆ. ಎರಡು ದಿನಕ್ಕೆ ರಾಮ, ಸೀತೆ, ಶಾಲೆ, ಹಸು ಎಲ್ಲ ಮುಗಿದವು. ಉಳಿದದ್ದು ನನ್ನ ಸಂಸಾರ. 'ಅಧಿಕ' ಎಂಬ ಪದಕ್ಕೆ 'ನನ್ನ ಹೆಂಡತಿ ಸಾರಿಗೆ ಅಧಿಕ ಉಪ್ಪು ಹಾಕುತ್ತಾಳೆ' ಎಂದು ಬರೆದೆ. 'ನಿರಂತರ' ಎಂಬುದಕ್ಕೆ ಅವಳ ಮಾತನ್ನೇ ಉದಾಹರಿಸಿದೆ. ವಾಕ್ಯಗಳನ್ನು ಪರೀಕ್ಷಿಸಬೇಕಾಗಿದ್ದ ಶಿಷ್ಯ, ಗುರುಗಳು ಬರೆದದ್ದೆಂದು ಓದದೆಯೇ ಒಪ್ಪಿಗೆ ಒತ್ತಿದ.

ನಮ್ಮ ಮಹಡಿ ಮನೆಯಲ್ಲಿ ವಯನಾಡಿನ ನರ್ಸ್ ಸಿಸಿಲಿ ಬಾಡಿಗೆಗಿದ್ದಳು. ರೋಗಿಗಳ ಜೊತೆ ಮಾತಾಡಲೆಂದು ಅದೇ ನಿಘಂಟಿನ ಹಾಳೆಗಳನ್ನು ಪ್ರಿಂಟ್ ತೆಗೆಸಿ ಬಾಯಿಪಾಠ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಮೆಟ್ಟಿಲಿಳಿಯುತ್ತಾ, "ನನ್ನ ಹೆಂಡತಿ ಸಾರಿಗೆ ಅಧಿಕ ಉಪ್ಪು ಹಾಕುತ್ತಾಳೆ" ಎಂದು ಗಟ್ಟಿಯಾಗಿ ಒಪ್ಪಿಸಿದಳು. ಅಂಗಳದಲ್ಲಿದ್ದ ನನ್ನ ಹೆಂಡತಿ ಜಯಮ್ಮ ಬಿದ್ದುಬಿದ್ದು ನಕ್ಕಳು. "ಯಾರವ್ವಾ ನಿನ್ನ ಎಂಡ್ತಿ?" ಎಂದು ಕೇಳಿದ್ದಕ್ಕೆ ಸಿಸಿಲಿ ಹಾಳೆ ತೋರಿಸಿದಳು. ಪ್ರತಿ ವಾಕ್ಯದ ಕೆಳಗೂ ಬರೆದವರ ಹೆಸರನ್ನು ತಂತ್ರಾಂಶ ತಾನಾಗಿಯೇ ಹಾಕಿತ್ತು.

"ಇಪ್ಪತ್ತೆಂಟು ವರ್ಸ ಚಪ್ಪರಿಸ್ಕೊಂಡು ಉಂಡ್ಬುಟ್ಟು, ಈಗ ಊರೋರ್ಗೆಲ್ಲಾ ಇಂಗೆ ಸಾರ್ತಿದ್ದೀರಲ್ರೀ!" ಎಂದಳು ಜಯಮ್ಮ. ಅವಳ ಕಣ್ಣಲ್ಲಿ ನೀರಿತ್ತು. ಇಂಟರ್ನೆಟ್ ಅಂಗಡಿಗೆ ಓಡಿಹೋಗಿ ಅವಳ ಬಗ್ಗೆ ಬರೆದಿದ್ದ ಎಲ್ಲ ವಾಕ್ಯ ಅಳಿಸಿದೆ. ಅಳಿಸಿದ್ದೆಲ್ಲ 'ಹಿಂದಿನ ರೂಪಗಳು' ಎಂಬ ಕಡೆ ದಿನಾಂಕ ಸಮೇತ ಹೋಗಿ ಕೂತಿತು. ಶಿಷ್ಯನಿಗೆ ಫೋನ್ ಮಾಡಿದರೆ, "ಅಲ್ಲಿಂದ ಯಾರೂ ತೆಗೆಯೋಕಾಗಲ್ಲ ಸಾರ್, ಅದೇ ಇದರ ವಿಶೇಷ!" ಎಂದು ಹೆಮ್ಮೆಪಟ್ಟ. ಇನ್ನು ಮುಂದೆ ಹುಣಸೂರಿನಿಂದ ಬರುವ ವಾಕ್ಯಗಳಿಗೆ ನನ್ನನ್ನೇ ಪರೀಕ್ಷಕನನ್ನಾಗಿ ಮಾಡಿರುವುದಾಗಿಯೂ ಹೇಳಿದ.

ಅದಾದ ನಾಲ್ಕನೆಯ ದಿನ ಅಂಗಡಿಗೆ ಹೋದಾಗ ನನ್ನ ಒಪ್ಪಿಗೆಗೆ ಒಂದು ಹೊಸ ವಾಕ್ಯ ಬಂದಿತ್ತು. ಪದ: ಮೆಚ್ಚು. ವಾಕ್ಯ: 'ನಮ್ಮ ಯಜಮಾನರು ನನ್ನ ಅಡುಗೆಯನ್ನು ಒಂದು ದಿನವೂ ಬಾಯಿಬಿಟ್ಟು ಮೆಚ್ಚಲಿಲ್ಲ.' ಕೆಳಗೆ ಜಯಮ್ಮನ ಹೆಸರು. ಸಿಸಿಲಿ ಟೈಪ್ ಮಾಡಿಕೊಟ್ಟಿದ್ದಳು.

ತಿರಸ್ಕರಿಸಲು ಎರಡೇ ಕಾರಣಗಳಿದ್ದವು: ಭಾಷೆ ತಪ್ಪಾಗಿರಬೇಕು, ಇಲ್ಲವೇ ಸಂಗತಿ ಸುಳ್ಳಾಗಿರಬೇಕು. ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಭಾಷೆ ಶುದ್ಧವಾಗಿತ್ತು. ಎರಡನೆಯ ಕಾರಣದ ಮೇಲೆ ಬೆರಳಿಡಲು ಧೈರ್ಯ ಬರಲಿಲ್ಲ. ಪರೀಕ್ಷಕನಾಗಿ ನನ್ನ ಮೊದಲ ಒಪ್ಪಿಗೆಯನ್ನು ಒತ್ತಿ, ಅದರ ಕೆಳಗೆ ಒಪ್ಪಿದವನೆಂದು ನನ್ನ ಹೆಸರೂ ಮೂಡುವುದನ್ನು ನೋಡುತ್ತಾ ಕೂತೆ.