ಸ್ಮಶಾನದ ಹತ್ತಿರವೇ ಬೇಕು

೧. ಬಸ್ ತಂಗುದಾಣ

ತೊಂಬತ್ತರ ದಶಕದಲ್ಲಿ ಒಬ್ಬ ಅಧಿಕಾರಿ ಬಂದು ಊರಿನವರನ್ನು ಸೇರಿಸಿ, ಬಸ್ ತಂಗುದಾಣ ಎಲ್ಲಿ ಬೇಕು ಎಂದು ಕೇಳಿದರು. ಕಳಸದ ಬಸ್ಸು ನಿಲ್ಲುವುದು ಶಾಲೆ ಕ್ರಾಸಿನಲ್ಲಿ. ಅಲ್ಲೇ ಬೇಕು ಎಂದೆವು. ಬರೆದುಕೊಂಡರು. ಕಟ್ಟಿದ್ದು ಅರ್ಧ ಮೈಲಿ ಕೆಳಗೆ, ಏರಿನ ತಿರುವಿನಲ್ಲಿ. ಅಲ್ಲಿ ಯಾವ ಡ್ರೈವರೂ ಬಸ್ ನಿಲ್ಲಿಸುವುದಿಲ್ಲ.

ಕಚೇರಿಗೆ ಹೋದೆ. "ನಮ್ಮ ಅಭಿಪ್ರಾಯ ಏನಾಯ್ತು ಸಾರ್?"

"ಫೈಲಲ್ಲಿ ಇದೆಯಲ್ಲ ಯಜಮಾನ್ರೇ."

"ತಂಗುದಾಣ?"

"ಅದು ರಸ್ತೇಲಿದೆ."

೨. ನೀರಿನ ಟ್ಯಾಂಕು

ಗುಡ್ಡದ ಮೇಲೆ ಕಟ್ಟಿ, ನೀರು ತಾನೇ ಇಳಿಯುತ್ತದೆ ಎಂದು ಊರೆಲ್ಲ ಸಹಿ ಹಾಕಿ ಕೊಟ್ಟೆವು. ಗದ್ದೆಯ ಅಂಚಿನಲ್ಲಿ ಕಟ್ಟಿದರು. ಮನೆಗಳೆಲ್ಲ ಅದಕ್ಕಿಂತ ಎತ್ತರದಲ್ಲಿ.

ಪಕ್ಕದ ಎಸ್ಟೇಟಿನ ಮೇಸ್ತ್ರಿ ಅಧಿಕಾರಿಯನ್ನು ಕೇಳಿದ: "ನೀರು ಮೇಲೆ ಹತ್ತೋದು ಹೆಂಗೆ ಸಾರ್?"

"ಅದಕ್ಕೂ ನಿಮ್ಮ ಅಭಿಪ್ರಾಯ ಕೇಳ್ತೀವಿ."

೩. ಕಾಲುಸೇತುವೆ

ಶಾಲೆಯ ಎದುರಿನ ಹಳ್ಳಕ್ಕೆ ಎರಡು ದಿಮ್ಮಿಯ ಸಂಕ. ಮಕ್ಕಳು ದಾಟುವುದು ಅದರ ಮೇಲೆಯೇ. ಒಂದು ಜುಲೈಯಲ್ಲಿ ನನ್ನ ಮೊಮ್ಮಗಳು ಜಾರಿದಳು. ಹಿಂದೆ ಬರುತ್ತಿದ್ದ ಮೇಸ್ತ್ರಿ ಜಡೆ ಹಿಡಿದು ಎಳೆದ. ಪುಸ್ತಕದ ಚೀಲ ಹೋಯಿತು. ಹುಡುಗಿ ಉಳಿದಳು. ಆ ಮಳೆಗಾಲ ಮುಗಿಯುವ ತನಕ ನಾನು ದಿನವೂ ದಡದಲ್ಲಿ ನಿಂತೆ.

ಆಮೇಲೆ ಸೇತುವೆ ಮಂಜೂರಾಯಿತು. ಜಾಗ ಎರಡೇ. ಒಂದು ಸಂಕದ ಹತ್ತಿರ. ಇನ್ನೊಂದು, ಅಲ್ಲಿಂದ ಒಂದು ಮೈಲಿ ಕೆಳಗೆ, ಸ್ಮಶಾನದ ಹತ್ತಿರ. ಜನ ಏನೆನ್ನುತ್ತಾರೆ ಎಂದು ಕೇಳಲು ಶಾಲೆಯಲ್ಲೇ ಸಭೆ ಕರೆದರು.

ಹಿಂದಿನ ದಿನ ಮೇಸ್ತ್ರಿ ಮನೆಮನೆಗೆ ಹೋದ. "ನಾವು ಹೇಳಿದ್ದು ಬಿಟ್ಟು ಇನ್ನೊಂದು ಮಾಡ್ತಾರೆ ಮಾರಾಯ್ರೇ. ಎಲ್ಲರೂ ಸ್ಮಶಾನ ಅನ್ನಿ. ಸಂಕದ ಹತ್ರಾನೇ ಕಟ್ತಾರೆ."

ನನಗೂ ಸರಿಯೆನಿಸಿತು.

ಸಭೆಗೆ ಬಂದವರು ಹೊಸ ಇಂಜಿನಿಯರಮ್ಮ. "ಎಲ್ಲಿ ಬೇಕು?"

"ಸ್ಮಶಾನದ ಹತ್ರ!" ಎಂದಿತು ಊರು.

ಅವರು ಪೆನ್ನು ಕೆಳಗಿಟ್ಟರು. "ಮಕ್ಕಳು ದಾಟೋದು ಇಲ್ಲಿ ಅಲ್ವಾ?"

ನಿಜ ಹೇಳಿಬಿಡೋಣ ಎಂದು ಎದ್ದೆ. ಮೇಸ್ತ್ರಿ ನನ್ನ ಪಂಚೆ ಹಿಡಿದು ಜಗ್ಗಿದ.

"ಏನೋ ಹೇಳ್ಬೇಕಿತ್ತಾ ಯಜಮಾನ್ರೇ?" ಇಂಜಿನಿಯರಮ್ಮ ಕೇಳಿದರು.

"ಸ್ಮಶಾನ," ಎಂದೆ. ಕೂತೆ.

ಬರೆದುಕೊಂಡರು. ಜೀಪು ಮರೆಯಾಗುವ ತನಕ ಮೇಸ್ತ್ರಿ ನಗು ತಡೆದುಕೊಂಡಿದ್ದ.

ಮುಂದಿನ ಬೇಸಿಗೆ ಮುಗಿಯುವುದರೊಳಗೆ ಸೇತುವೆ ಎದ್ದಿತು. ಸ್ಮಶಾನದ ಹತ್ತಿರ.

ಉದ್ಘಾಟನೆಯ ದಿನ ಇಂಜಿನಿಯರಮ್ಮ ಮೈಕು ಹಿಡಿದರು. "ಮೇಲಿನ ಅಧಿಕಾರಿಗಳೆಲ್ಲ ಶಾಲೆ ಹತ್ರಾನೇ ಕಟ್ಟಿ ಅಂತಿದ್ರು. ನಾನು ಬಿಡ್ಲಿಲ್ಲ. ಜನ ಕೇಳಿದ ಜಾಗದಲ್ಲೇ ಆಗ್ಬೇಕು ಅಂತ ಆರು ತಿಂಗಳು ಜಗಳ ಆಡಿದೆ."

ಅವರ ಕಣ್ಣು ತುಂಬಿತ್ತು. ನಾವು ಚಪ್ಪಾಳೆ ತಟ್ಟಿದೆವು. ಮೇಸ್ತ್ರಿಯೇ ಹಾರ ಹಾಕಿದ.

ಶಾಲೆ ಶುರುವಾದ ದಿನ ಮೊಮ್ಮಗಳು ಒಂದು ಗಂಟೆ ಮುಂಚೆ ಮನೆ ಬಿಟ್ಟಳು. ಸ್ಮಶಾನ ಸುತ್ತಿಕೊಂಡು ಹೋದಳು.