ಮಾವನ ಏಳನೆಯ ತಂತಿ

ನಮ್ಮ ಸೋದರಮಾವ ಇಪ್ಪತ್ತು ವರ್ಷಗಳಿಂದ ಸಂಗೀತ ನುಡಿಸುತ್ತಿದ್ದಾರೆ. ಅದನ್ನು ಕೇಳಿದವರು ನ್ಯಾಮತಿಯಲ್ಲಿ ಒಬ್ಬರೂ ಇಲ್ಲ! ಹಾಗೆಂದು ಅವರು ಬಾಗಿಲು ಹಾಕಿಕೊಂಡು ನುಡಿಸುತ್ತಾರೆಂದು ತಿಳಿಯಬೇಡಿ. ಹಗಲು ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಈ ಮನುಷ್ಯ, ಮದುವೆ ಬಂದರೆ ಆರ್ಕೆಸ್ಟ್ರಾದಲ್ಲಿ ಸಾವಿರ ಜನರ ಎದುರೇ ನಿಂತಿರುತ್ತಾರೆ. ಆದರೆ ಅವರ ವಾದ್ಯ ಬೇಸ್ ಗಿಟಾರ್. ಗಾಯಕರ ದನಿ ಕೇಳುತ್ತದೆ, ಕೀಬೋರ್ಡ್ ಕೇಳುತ್ತದೆ, ಡ್ರಮ್ಮಂತೂ ಪಕ್ಕದೂರಿಗೂ ಕೇಳುತ್ತದೆ. ಬೇಸ್ ಮಾತ್ರ ಎಲ್ಲದರ ಅಡಿಯಲ್ಲಿ ಗುಂಯ್ ಎನ್ನುತ್ತ ಇದ್ದೂ ಇಲ್ಲದಂತಿರುತ್ತದೆ.

ಮಾವನಿಗಿದ್ದದ್ದು ಒಂದೇ ಆಸೆ. ಯಾರಾದರೂ ಒಬ್ಬರು "ನೀವು ನುಡಿಸಿದ್ದು ಕೇಳಿಸಿತು" ಎನ್ನಬೇಕು. ಪ್ರತಿ ಮದುವೆಯಲ್ಲೂ ಕೈತೊಳೆಯುವ ನಲ್ಲಿಯ ಹತ್ತಿರ ಯಾರನ್ನಾದರೂ ಹಿಡಿದು ನಿಲ್ಲಿಸುತ್ತಿದ್ದರು.

"ನಾನು ನುಡಿಸಿದ್ದು ಕೇಳಿಸ್ತೇನ್ರೀ?"

"ಹೋಳಿಗೆ ಭಾಳ ಚೆನ್ನಾಗಿತ್ತು ಬಿಡ್ರಿ!"

ಕೇಳಿಸದಿದ್ದರೆ ನಾವು ನೀವಾದರೆ ಏನು ಮಾಡುತ್ತೇವೆ? ದನಿ ಜೋರು ಮಾಡುತ್ತೇವೆ. ಮಾವ ತಂತಿ ಹೆಚ್ಚಿಸಿದರು! ಎಲ್ಲರ ಬೇಸ್ ಗಿಟಾರಿಗೂ ನಾಲ್ಕು ತಂತಿ. ಮಾವ ಕೆಳಗಿನ ಸ್ವರಕ್ಕೆಂದು ಐದು ತಂತಿಯದು ತಂದರು, ಮೇಲಿನ ಸ್ವರಕ್ಕೆಂದು ಆರರದು ತಂದರು. ಕೊನೆಗೆ, ಕೆಳಗಿನದಕ್ಕೂ ಕೆಳಗಿನ ಸ್ವರಕ್ಕೆಂದು ಬಡಗಿಯನ್ನು ಕೂರಿಸಿಕೊಂಡು ಏಳು ತಂತಿಯದನ್ನೇ ಮಾಡಿಸಿದರು. ಚನ್ನಗಿರಿಯ ಆರ್ಕೆಸ್ಟ್ರಾ ಮಾಲೀಕರು ಕೈಮುಗಿದು ಹೇಳಿದ್ದರು:

"ಅಣ್ಣಾ, ನಾಲ್ಕೇ ಯಾರಿಗೂ ಕೇಳಾಕಿಲ್ಲ. ಏಳು ತಗೊಂಡು ಏನು ಮಾಡ್ತೀರಿ?"

"ಕೆಳಗೆ ಇನ್ನೂ ಜಾಗ ಐತೆ ಕಣಪ್ಪಾ."

ಅಷ್ಟು ದಪ್ಪದ ಏಳನೆಯ ತಂತಿ ನಮ್ಮ ಕಡೆ ಎಲ್ಲಿ ಸಿಗಬೇಕು? ಮಾವ ತಮ್ಮ ಬೈಕಿನ ಕ್ಲಚ್ ವೈರನ್ನೇ ಬಿಚ್ಚಿ ಕಟ್ಟಿದರು. ವಾದ್ಯ ನುಡಿಯಲಿಲ್ಲ, ಬೈಕೂ ಓಡಲಿಲ್ಲ. ಕೊನೆಗೆ ತಂತಿ ಕೊರಿಯರಿನಲ್ಲಿ ಬಂತು. ಬೈಕು ಇನ್ನೂ ಕೆಟ್ಟು ನಿಂತಿದ್ದರಿಂದ ವಾದ್ಯದ ಜೊತೆ ಹೊನ್ನಾಳಿಯ ಬಸ್ಸು ಹತ್ತಿದರೆ ಕಂಡಕ್ಟರ್ ತಡೆದ.

"ಇಷ್ಟೊಂದು ತಂತಿ ಯಾಕ್ರೀ, ಬಟ್ಟೆ ಒಣಗ್ಸಾಕೇನು?"

ಏಳನೆಯ ತಂತಿ ಮೊದಲ ಸಲ ಸಭೆಗೆ ಬಂದದ್ದು ಹೊನ್ನಾಳಿಯಲ್ಲಿ, ನನ್ನ ತಂಗಿಯ ಆರತಕ್ಷತೆಯಲ್ಲಿ. ಅಂದು ಮಾವನ ಹೆಂಡತಿ, ನಮ್ಮ ಅತ್ತೆಯೂ ಬಂದಿದ್ದರು. ಕಿವಿ ಮಂದವಾದ ಮೇಲೆ ಅವರು ಆರ್ಕೆಸ್ಟ್ರಾದ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಬಾಯಿ ಆಡುವುದು ಕಾಣುತ್ತದೆ, ಹಾಡು ಕೇಳುವುದಿಲ್ಲ ಎಂಬ ಬೇಸರ. ನಾದಿನಿಯ ಮಗಳ ಮದುವೆಯೆಂದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಮಾವ ಕಣ್ಣು ಮುಚ್ಚಿ ಏಳನೆಯ ತಂತಿ ಮೀಟಿದರು ನೋಡಿ, ಮೇಜಿನ ಮೇಲಿದ್ದ ಸ್ಟೀಲ್ ಲೋಟಗಳೆಲ್ಲ ಗಲಗಲ ಎಂದವು! ಸೌಂಡ್ ಸಿಸ್ಟಮ್‌ನವನು ಹೌಹಾರಿದ; ಅರ್ಥಿಂಗ್ ಕೆಟ್ಟರೂ ಸ್ಪೀಕರು ಹೀಗೇ ಗುಂಯ್ ಎನ್ನುತ್ತದೆ. "ಅರ್ಥಿಂಗ್ ಹೋಗೈತೆ!" ಎಂದು ಓಡಿ, ಛತ್ರದ ಹಿಂದೆ ನೆಲಕ್ಕೆ ಹೊಡೆದಿದ್ದ ಅರ್ಥಿಂಗ್ ಕಂಬಿಗೆ ಒಂದು ಬಕೆಟ್ ಉಪ್ಪುನೀರು ಸುರಿದ. ಗುಂಯ್ ನಿಲ್ಲಲಿಲ್ಲ. ಇನ್ನೊಂದು ಬಕೆಟ್ ಸುರಿದ. ಆಮೇಲೆ ಒಂದೊಂದೇ ವೈರು ಕಿತ್ತು ನೋಡುತ್ತ ಬಂದು, ಮಾವನ ವೈರು ಕೀಳುತ್ತಲೇ "ಸಿಕ್ತು ನೋಡ್ರಿ ತೊಂದ್ರೆ!" ಎಂದು ಬೀಗಿದ.

ದೊಡ್ಡ ಸ್ಪೀಕರುಗಳಲ್ಲಿ ಬೇಸ್ ಸತ್ತುಹೋಯಿತು. ಮಾವನ ಕಾಲ ಬುಡದ ಪುಟ್ಟ ಸ್ಪೀಕರು ನುಡಿಯುತ್ತಲೇ ಇದ್ದುದರಿಂದ ಮಾವನಿಗೆ ಗೊತ್ತಾಗಲಿಲ್ಲ. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಪಕ್ಕದಲ್ಲೇ ನಿಂತಿದ್ದ ನನಗೂ ವ್ಯತ್ಯಾಸ ತಿಳಿಯಲಿಲ್ಲ.

ಆದರೆ ಅತ್ತೆ ಎದ್ದರು. ಸೀದಾ ವೇದಿಕೆಗೆ ಹೋಗಿ, ಮಾವನ ತೋಳು ಹಿಡಿದು, ಕಿವಿ ಮಂದವಾದವರ ಆ ಎತ್ತರದ ದನಿಯಲ್ಲಿ ಕೇಳಿದರು:

"ರೀ, ಯಾಕೆ ನಿಲ್ಲಿಸಿದ್ರಿ?"

ಮಾವ ಗಾಬರಿಯಿಂದ ಕಣ್ಣು ಬಿಟ್ಟರು. "ನುಡಿಸ್ತಾನೇ ಇದೀನಲ್ಲೇ!"

"ಇಲ್ಲ. ಈಗಿನ ತನಕ ಕುರ್ಚಿಯಾಗೆ, ಎದೆಯಾಗೆ ಗುಂಯ್ ಅಂತ ಬರ್ತಿತ್ತು. ಆ ಹಾಡು ಗೀಡು ಯಾವುದೂ ನನಗೆ ಕೇಳಾಕಿಲ್ಲ. ನಿಮ್ದೊಂದೇ ಕೇಳ್ತಿತ್ತು. ಯಾಕೆ ನಿಲ್ಲಿಸಿದ್ರಿ?"

ಸೌಂಡ್ ಸಿಸ್ಟಮ್‌ನವನು ತಲೆ ತಗ್ಗಿಸಿ ಮಾವನ ವೈರು ಮತ್ತೆ ಚುಚ್ಚಿದ. ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ಅತ್ತೆ ವೇದಿಕೆಯ ಅಂಚಿನಲ್ಲೇ, ಹಲಗೆಗೆ ಅಂಗೈ ಊರಿ ಕೂತರು. ಮಾವ ಈ ಸಲ ಕಣ್ಣು ಮುಚ್ಚದೆ, ಅವರನ್ನೇ ನೋಡುತ್ತ ಏಳನೆಯ ತಂತಿ ಮೀಟಿದರು. ಎಷ್ಟೋ ವರ್ಷಗಳ ಮೇಲೆ ಅತ್ತೆ ಒಂದು ಹಾಡಿಗೆ ತಾಳ ಹಾಕಿದರು. ಒಂದು ಪೆಟ್ಟೂ ತಪ್ಪಲಿಲ್ಲ.